ಗರಗಸ ತಿಂದ ಎರಡು ನೂಲು

ನರಸಿಂಹರಾಜಪುರದ ಬಡಗಿ ವಾಸಪ್ಪಾಚಾರಿ ಶಾಲೆ ಬಿಟ್ಟದ್ದು ಭಿನ್ನರಾಶಿಯ ದೆಸೆಯಿಂದ. ಆರನೇ ಕ್ಲಾಸಿನಲ್ಲಿ ಮೇಷ್ಟ್ರು ಬೋರ್ಡಿನ ಮೇಲೆ ಬರೆದದ್ದು ತಲೆಗೆ ಹತ್ತದೆ, ಬೆತ್ತದ ಏಟು ತಾಳಲಾರದೆ, ಸ್ಲೇಟನ್ನು ಅಟ್ಟಕ್ಕೆಸೆದು ಅಪ್ಪನ ಉಳಿ ಹಿಡಿದವನು. ಮರದ ಮೇಲೆ ಮಾತ್ರ ಅವನ ಅಳತೆ ತಪ್ಪಿದ್ದನ್ನು ಯಾರೂ ಕಂಡಿರಲಿಲ್ಲ. ಇಂಚಿನ ಎಂಟನೇ ಒಂದು ಭಾಗಕ್ಕೆ ಬಡಗಿಗಳು ನೂಲು ಎನ್ನುತ್ತಾರೆ. ಒಂದು ನೂಲು ಆಚೀಚೆಯಾದರೂ ಅವನ ಬೆರಳಿಗೆ ಗೊತ್ತಾಗುತ್ತಿತ್ತು.

2004ರಲ್ಲಿ, ಅವನಿಗೆ ನಲವತ್ತೆಂಟು ದಾಟಿದ ಮೇಲೆ, ಅದೇ ಭಿನ್ನರಾಶಿ ಅವನನ್ನು ಹುಡುಕಿಕೊಂಡು ಬಂತು. ಶಿಕ್ಷಕರಿಗೆ ಗಣಿತದ ತರಬೇತಿ ಕೊಡುತ್ತಿದ್ದ ರೇಣುಕಪ್ಪ ಎಂಬವರು ಒಂದು ಚಿತ್ರ ಹಿಡಿದು ಅಂಗಡಿಗೆ ಬಂದರು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಮೂರೂ ತಾಲ್ಲೂಕುಗಳ ಅರವತ್ತು ಸರ್ಕಾರಿ ಶಾಲೆಗಳಿಗೆ ಒಂದೊಂದು ಗಣಿತದ ಪೆಟ್ಟಿಗೆ ಆಗಬೇಕಿತ್ತು. ಪೆಟ್ಟಿಗೆಯಲ್ಲಿ ಒಂದು ಅಡಿ ಉದ್ದದ ಒಂದು ಇಡೀ ಪಟ್ಟಿ, ಅಷ್ಟೇ ಉದ್ದಕ್ಕೆ ಸರಿಹೋಗುವ ಎರಡು ಅರ್ಧ, ಮೂರು ಮೂರನೇ ಒಂದು, ನಾಲ್ಕು ಕಾಲು, ಆರು ಆರನೇ ಒಂದು. ಮಕ್ಕಳು ಜೋಡಿಸಿ ನೋಡಿ ಕಲಿಯಬೇಕು.

ವಾಸಪ್ಪ ಕಾಫಿ ತೋಟದ ನೆರಳಿಗೆ ಬೆಳೆಸುವ ಸಿಲ್ವರ್ ಮರ ತಂದ. ಅರ್ಧ, ಕಾಲುಗಳನ್ನು ಒಂದೊಂದಾಗಿ ಅಳೆದು ಕೈಗರಗಸದಲ್ಲಿ ತಾನೇ ಕೊಯ್ದ. ಅಷ್ಟರಲ್ಲಿ ತರಬೇತಿಯ ದಿನ ಹತ್ತಿರ ಬಂತು. ಉಳಿದ ಪಟ್ಟಿಗಳಿಗೆ ಗೆರೆ ಎಳೆದು ಸಾಮಿಲ್ಲಿಗೆ ಒಯ್ದು ಮಿಷನ್ನಿನಲ್ಲಿ ಕೊಯ್ಸಿ, ತುಂಡುಗಳಿಗೆ ಬಣ್ಣ, ಪೆಟ್ಟಿಗೆಗೆ ಹಸಿರು ಬಳಿದು, ಹೇಳಿದ ದಿನಕ್ಕೆ ಅರವತ್ತೂ ಪೆಟ್ಟಿಗೆ ಒಪ್ಪಿಸಿದ.

ಹದಿನೈದು ದಿನ ಕಳೆದಿತ್ತು. ಅಂಗಡಿ ಗುಡಿಸುವಾಗ ಬಣ್ಣ ಕೆಟ್ಟಿದ್ದರಿಂದ ಹಿಂದೆ ಉಳಿದ ಒಂದು ಪೆಟ್ಟಿಗೆಯಷ್ಟು ತುಂಡುಗಳು ಸಿಕ್ಕವು. ಸುಮ್ಮನೆ ಕೈಯಾಡಿಸುತ್ತ ಇಡೀ ಪಟ್ಟಿಯ ಕೆಳಗೆ ಮೂರು ಮೂರನೇ ಒಂದನ್ನು ಸಾಲಾಗಿಟ್ಟ. ಸಾಲಲಿಲ್ಲ. ಕೊನೆಯಲ್ಲಿ ಎರಡು ನೂಲು ಬರಿದಾಗಿತ್ತು. ಆರು ಆರನೇ ಒಂದನ್ನು ಇಟ್ಟ. ಐದು ನೂಲು ಕಡಿಮೆ.

ಅವನಿಗೆ ಕೂಡಲೇ ಹೊಳೆಯಿತು. ಮಿಷನ್ನಿನ ಬ್ಲೇಡು ದಪ್ಪ. ಒಂದೊಂದು ಸಲ ಕೊಯ್ದಾಗಲೂ ಒಂದು ನೂಲು ಮರ ಪುಡಿಯಾಗಿ ಹೋಗುತ್ತದೆ. ಬಾಗಿಲ ಚೌಕಟ್ಟಿಗಾದರೆ ಅದನ್ನು ಸೇರಿಸಿಯೇ ಗೆರೆ ಎಳೆಯುವವನು ಇಲ್ಲಿ ಅವಸರದಲ್ಲಿ ಮರೆತಿದ್ದ.

ಅಂದು ಮಧ್ಯಾಹ್ನ ಅವನು ಅರ್ಧ ಊಟಕ್ಕೇ ಎದ್ದ.

"ಎರಡು ನೂಲಿಗೆ ಊಟ ಬಿಡ್ತಾರೆಂತ?" ಅಂದಳು ಹೆಂಡತಿ ಕಾಳಮ್ಮ.

"ಮೂರು ಸೇರಿದ್ರೆ ಒಂದು ಆಗ್ಬೇಕು ಕಣೇ. ನನ್ನ ಮರ ಆಗಲ್ಲ ಅಂತಿದೆ. ಅರವತ್ತು ಶಾಲೆಯಲ್ಲಿ ಅಂತಿದೆ."

ಮರುದಿನವೇ ರೇಣುಕಪ್ಪನವರ ಎದುರು ನಿಂತ. ಅವರು ತುಂಡುಗಳನ್ನು ಜೋಡಿಸಿ ನೋಡಿ ನಕ್ಕರು.

"ಇದು ಯಾರಿಗೆ ಕಾಣುತ್ತೆ ಆಚಾರ್ರೇ? ಸ್ಟಾಕ್ ಬುಕ್ಕಿಗೆ ಹತ್ತಿ ಆಗಿದೆ. ಬಿಡಿ ಮಾರಾಯ್ರೆ."

"ಮಕ್ಕಳಿಗೆ ಕಾಣುತ್ತೆ ಸಾರ್. ಶಾಲೆಗಳ ಪಟ್ಟಿ ಒಂದು ಕೊಡಿ, ನಾನೇ ಹೋಗಿ ಬದಲಿಸಿ ಬರ್ತೀನಿ."

ಅವರು ಅವನ ಮುಖ ನೋಡಿ ಮತ್ತೆ ನಗಲಿಲ್ಲ. ಪಟ್ಟಿಯ ಜೊತೆಗೆ ಹೆಡ್ಮಾಸ್ಟರುಗಳಿಗೆ ತೋರಿಸಲೆಂದು ಒಂದು ಚೀಟಿಯನ್ನೂ ಬರೆದುಕೊಟ್ಟರು.

ಐನೂರ ನಲವತ್ತು ತುಂಡುಗಳನ್ನು ವಾಸಪ್ಪ ಈ ಸಲ ಪುಡಿಯಾಗುವುದನ್ನೂ ಲೆಕ್ಕಕ್ಕೆ ಹಿಡಿದು ಕೈಗರಗಸದಲ್ಲೇ ಕೊಯ್ದ. ಬೇರೆ ಕೆಲಸಗಳು ಹಿಂದೆ ಬಿದ್ದವು, ಗಿರಾಕಿಗಳು ಬೈದು ಹೋದರು. ವಾರಕ್ಕೆ ಎರಡು ದಿನ ಚೀಲ ಹೆಗಲಿಗೆ ಹಾಕಿಕೊಂಡು ಬೆಳಗಿನ ಬಸ್ಸು ಹತ್ತತೊಡಗಿದ. ಸೀಟು ಸಿಕ್ಕಿದರೂ ಕೂರಲು ಮನಸ್ಸಾಗುತ್ತಿರಲಿಲ್ಲ. ಇಷ್ಟು ಹೊತ್ತಿಗೆ ಯಾವ ಮಗು ಆ ಪೆಟ್ಟಿಗೆ ತೆಗೆದಿದೆಯೋ ಎಂಬುದೊಂದೇ ಯೋಚನೆ.

ಮೊದಲ ಶಾಲೆಯಲ್ಲಿ ಪೆಟ್ಟಿಗೆ ಬೀರುವಿನೊಳಗಿತ್ತು, ಕಟ್ಟಿದ ದಾರವನ್ನೂ ಬಿಚ್ಚಿರಲಿಲ್ಲ. ಎರಡನೆಯದರಲ್ಲೂ ಹಾಗೆಯೇ. "ಮಕ್ಕಳು ಕಳೆದುಹಾಕಿದ್ರೆ ಉತ್ತರ ಕೊಡೋರು ಯಾರು?" ಎಂದರು ಅಲ್ಲಿನ ಹೆಡ್ಮಾಸ್ಟರು. ಸದ್ಯ, ಯಾರೂ ನೋಡಲಿಲ್ಲ ಎಂದು ವಾಸಪ್ಪ ಉಸಿರುಬಿಟ್ಟ. ಹತ್ತನೆಯ ಶಾಲೆಯಲ್ಲೂ ಅದೇ ದಾರ, ಅದೇ ಗಂಟು ಕಂಡಾಗ ಮಾತ್ರ ಆ ಸಮಾಧಾನ ಉಳಿದಿರಲಿಲ್ಲ. ಮಕ್ಕಳ ಕೈ ಸೇರಲಿ ಎಂದು ಮೂಲೆ ಮೂಲೆಯನ್ನೂ ಉಜ್ಜಿ ನಯ ಮಾಡಿದ್ದ. ನೋಡಿಯಾರು ಎಂಬ ಭಯ ಒಂದು ಕಡೆ, ನೋಡಲೇ ಇಲ್ಲವಲ್ಲ ಎಂಬ ಸಂಕಟ ಇನ್ನೊಂದು ಕಡೆ. ಯಾವುದು ಹೆಚ್ಚೆಂದು ಅವನಿಗೇ ತಿಳಿಯಲಿಲ್ಲ.

ಹಿರೇಕೊಡಿಗೆಯಲ್ಲಿ ಬಸ್ಸಿಳಿದು ಮೂರು ಮೈಲಿ ನಡೆದರೆ ಸಿಗುವ ಒಂದು ಶಾಲೆಯಲ್ಲಿ ಪೆಟ್ಟಿಗೆ ತರಗತಿಯ ಮೇಜಿನ ಮೇಲೇ ಇತ್ತು. ಮಕ್ಕಳು ಆಟಕ್ಕೆ ಹೊರಗೆ ಹೋಗಿದ್ದರು. ಬಣ್ಣ ಮಾಸಿ, ಅಂಚುಗಳು ಕಪ್ಪಾಗಿದ್ದವು. ಮುಚ್ಚಳ ತೆಗೆದ ಟೀಚರ್ ಭಾರ್ಗವಿ ಸಂಕೋಚದಿಂದ ಅಂದರು, "ಬೇಜಾರು ಮಾಡ್ಕೊಬೇಡಿ. ಮಕ್ಕಳು ತುಂಡಿನ ತುದಿಗಳನ್ನ ಕಲ್ಲಿಗೆ ಉಜ್ಜಿ ಹಾಳು ಮಾಡಿದ್ದಾರೆ. ಜೋಡಿಸಿದ್ರೆ ಸಾಲೋದೇ ಇಲ್ಲ."

"ಉಜ್ಜಿದ್ದು ಯಾರು?"

"ಐದನೇ ಕ್ಲಾಸಿನ ನಿಶ್ಚಿತಾ. ಯಾವಾಗ ನೋಡಿದ್ರೂ ಇದರ ಮುಂದೇನೇ ಇರ್ತಿದ್ಲು. ಬೈದ ಮೇಲೆ ಹತ್ರ ಬರಲ್ಲ."

ವಾಸಪ್ಪ ತುಂಡುಗಳನ್ನು ಹೊರಗಿಟ್ಟ. ಪೆಟ್ಟಿಗೆಯ ತಳದಲ್ಲಿ ಎರಡು ರಟ್ಟಿನ ಚೂರುಗಳಿದ್ದವು, ಒಂದು ಸಣ್ಣದು, ಒಂದು ಸ್ವಲ್ಪ ದೊಡ್ಡದು. ಟೇಪು ತೆಗೆದು ಅಳೆದ. ಎರಡು ನೂಲು. ಐದು ನೂಲು. ಒಂದು ಕೂದಲೂ ಹೆಚ್ಚುಕಡಿಮೆ ಇರಲಿಲ್ಲ.

"ಆ ಕೂಸನ್ನ ಕರೀರಿ ಟೀಚರ್."

ಹುಡುಗಿ ಬಂದು ಬಾಗಿಲ ಹತ್ತಿರವೇ ನಿಂತಳು, ಅವಳ ಹಿಂದೆ ಬಂದ ಮಕ್ಕಳು ಒಳಗೆ ಹೋಗಿ ಕೂತರು. "ನಾನು ಉಜ್ಜಿಲ್ಲ," ಅಂದಳು, ಯಾರೂ ಕೇಳುವ ಮೊದಲೇ.

"ಗೊತ್ತು ಮಗಾ. ಈ ರಟ್ಟು ನೀನು ಕತ್ತರಿಸಿದ್ದಾ?"

"ಹ್ಞೂಂ. ಅದು ಇಟ್ರೆ ಮಾತ್ರ ಸರಿಯಾಗುತ್ತೆ."

ವಾಸಪ್ಪ ಟೀಚರ ಕಡೆ ತಿರುಗಿದ. ಮೂವತ್ತೈದು ವರ್ಷದ ಮೇಲೆ ತರಗತಿಯೊಳಗೆ ನಿಂತಿದ್ದ. "ತಪ್ಪು ನನ್ನದು. ನಾನು ಕೊಯ್ಸಿದ್ದೇ ಹಾಗೆ. ಇವಳು ಅಳೆದದ್ದು ಸರಿ."

ಭಾರ್ಗವಿ ರಟ್ಟಿಟ್ಟು ತಾವೇ ಜೋಡಿಸಿ ನೋಡಿದರು. ಆಮೇಲೆ ಇಡೀ ಕ್ಲಾಸಿನ ಎದುರಿಗೆ, "ನಿಶ್ಚಿತಾ, ನಾನು ನಿನ್ನ ಬೈಬಾರದಿತ್ತು. ಒಂದ್ಸಲ ಅಳೆದು ನೋಡ್ಬೇಕಿತ್ತು," ಅಂದರು. ಹುಡುಗಿ ಲಂಗದ ಅಂಚು ಹಿಂಡುತ್ತ ನಿಂತಿದ್ದಳು.

ಗರಗಸ ಮರವನ್ನು ಹೇಗೆ ತಿನ್ನುತ್ತದೆಂದು ವಾಸಪ್ಪ ಚೀಲದಿಂದ ಕೈಗರಗಸ ತೆಗೆದು ಒಂದು ಕಡ್ಡಿ ಕೊಯ್ದು ತೋರಿಸಿದ. ನೆಲಕ್ಕುದುರಿದ ಪುಡಿಯನ್ನು ಮಕ್ಕಳು ಮುಟ್ಟಿ ನೋಡಿದರು.

"ಒಂದು ಪಟ್ಟಿ ಮೂರು ತುಂಡಾಗೋಕೆ ಎಷ್ಟು ಸಲ ಕೊಯ್ಯಬೇಕು?" ಕೇಳಿದರು ಭಾರ್ಗವಿ.

"ಮೂರು," ಅಂತು ಕ್ಲಾಸು.

"ಎರಡು," ಅಂದಳು ನಿಶ್ಚಿತಾ. ಸ್ವಲ್ಪ ತಡೆದು, "ಆರಕ್ಕೆ ಐದು. ಅದಕ್ಕೇ ಆ ರಟ್ಟು ದೊಡ್ಡದು."

ವಾಸಪ್ಪ ಅವಳನ್ನೇ ನೋಡಿದ. ತಾನು ಬೆರಳಿನಲ್ಲಿ ತಿಳಿದದ್ದನ್ನು ಈ ಕೂಸು ಬಾಯಲ್ಲಿ ಹೇಳಿತ್ತು.

ಹೊಸ ತುಂಡುಗಳನ್ನಿಟ್ಟು ಹಳೆಯದನ್ನು ಚೀಲಕ್ಕೆ ಹಾಕುವಾಗ ಹುಡುಗಿ, "ಅದನ್ನೂ ಬಿಟ್ಟು ಹೋಗಿ," ಅಂದಳು. ತನ್ನ ಕೆಟ್ಟ ಕೆಲಸವನ್ನು ಶಾಲೆಯಲ್ಲಿ ಬಿಡುವುದಕ್ಕೆ ಅವನಿಗೆ ಸುತರಾಂ ಮನಸ್ಸಿರಲಿಲ್ಲ. ಬಹಳ ಹೊತ್ತು ಕೈಯಲ್ಲೇ ಹಿಡಿದಿದ್ದು, ಕೊನೆಗೆ ಅಳತೆ ತಪ್ಪಿದ್ದೆಂಬ ಗುರುತಿಗೆ ಒಂದೊಂದರ ಬೆನ್ನಿಗೂ ಪೆನ್ಸಿಲಿನಲ್ಲಿ ಅಡ್ಡಗೆರೆ ಹಾಕಿ ಕೊಟ್ಟ.

ಅಲ್ಲಿಂದ ಮುಂದೆ, ದಾರ ಬಿಚ್ಚದ ಪೆಟ್ಟಿಗೆ ಕಂಡಲ್ಲೆಲ್ಲ ಅವನೇ ಕುಕ್ಕುರುಗಾಲಲ್ಲಿ ಕೂತು ಬಿಚ್ಚಿ, ಮಕ್ಕಳನ್ನು ಕರೆದು ಒಂದು ಸಲ ಜೋಡಿಸಿಯೇ ಏಳುತ್ತಿದ್ದ. ಕೆಲವು ಮೇಷ್ಟ್ರುಗಳು ಮುಖ ಗಂಟಿಕ್ಕಿದರು, ಕೆಲವರು ಚಹಾ ತರಿಸಿದರು. ಬೇಸಿಗೆ ರಜೆ ಬರುವಷ್ಟರಲ್ಲಿ ಐವತ್ಮೂರು ಶಾಲೆ ಮುಗಿದವು. ಜೂನಿನಲ್ಲಿ ಕೊಡೆ ಹಿಡಿದು ಹೊರಟು ಇನ್ನಾರು ಮುಗಿಸಿದ.

ಅರವತ್ತನೆಯದು ಶೃಂಗೇರಿಯ ಕಡೆ ಕಾಡಂಚಿನ ಶಾಲೆ. ಹೋಗಿ ನೋಡಿದರೆ ಬೀಗ. ಮಕ್ಕಳಿಲ್ಲವೆಂದು ಆ ವರ್ಷವೇ ಮುಚ್ಚಿದ್ದರು. ಸಾಮಾನು ಯಾವ ಶಾಲೆಗೆ ಹೋಯಿತೆಂದು ಪಕ್ಕದ ಮನೆಯವರಿಗೂ ಗೊತ್ತಿರಲಿಲ್ಲ. ವಾಸಪ್ಪ ಸುತ್ತಲಿನ ನಾಲ್ಕು ಶಾಲೆಗಳಿಗೆ ಹೋಗಿ ವಿಚಾರಿಸಿದ. ಎಲ್ಲೂ ಸಿಗಲಿಲ್ಲ.

"ಐವತ್ತೊಂಬತ್ತು ಆಯ್ತಲ್ಲ, ಇನ್ನಾದ್ರೂ ನೆಮ್ಮದಿಯಾಗಿ ಕೂತ್ಕೊಳಿ," ಅಂದಳು ಕಾಳಮ್ಮ.

ಅವನು ಹ್ಞೂಂ ಅಂದ. ಆದರೂ ಆ ಕಡೆಯವರು ಯಾರೇ ಅಂಗಡಿಗೆ ಬರಲಿ, ಕಿಟಕಿಯ ಅಳತೆ ಕೇಳುವ ಮೊದಲು ನಿಮ್ಮೂರ ಶಾಲೆಯಲ್ಲೊಂದು ಹಸಿರು ಪೆಟ್ಟಿಗೆ ಇದೆಯೇ ಎಂದು ಕೇಳುವುದನ್ನು ಅವನು ಬಿಡಲಿಲ್ಲ.