ಸಾಹೇಬರ ನಿದ್ದೆ

ಇರುವೆ ತುಳಿದರೂ ಕ್ಷಮೆ ಕೇಳುವ ಮನುಷ್ಯನಾದ್ದರಿಂದ ಓಣಿಯವರು ಅವನನ್ನು ಮೆತ್ತಗಣ್ಣ ಎನ್ನುತ್ತಿದ್ದರು. ಸಿಮೆಂಟ್ ಗೋದಾಮಿನ ವಾಚ್‌ಮನ್ ಕೆಲಸ ಕೇಳಲು ಹೋದಾಗ, ಮ್ಯಾನೇಜರ್ ಸಾಹೇಬರು ಪ್ರಶ್ನೆ ಕೇಳುತ್ತಲೇ ಗೊರಕೆ ಹೊಡೆಯತೊಡಗಿದರು. ಎಬ್ಬಿಸಲು ಮನಸ್ಸು ಬಾರದೆ ಮೆತ್ತಗಣ್ಣ ಕೈಕಟ್ಟಿ ಕುಳಿತ. ಎಚ್ಚರವಾದ ಸಾಹೇಬರು, "ಕಣ್ಣೆದುರಿಗೇ ಒಬ್ಬ ನಿದ್ದೆ ಹೊಡೀತಿದ್ರೂ ಸುಮ್ನಿದ್ದೀಯಲ್ಲ, ನೀನೆಂಥ ಕಾವಲುಗಾರನಯ್ಯಾ?" ಎಂದು ಅಟ್ಟಿಬಿಟ್ಟರು.

ತಿಂಗಳು ಕಳೆದರೂ ಆ ಕೆಲಸಕ್ಕೆ ಯಾರೂ ಸಿಕ್ಕಿರಲಿಲ್ಲ. ಮತ್ತೆ ಅರ್ಜಿ ಹಾಕಲೋ ಬೇಡವೋ ಎಂದು ಅವನು ಮೀನಮೇಷ ಎಣಿಸುತ್ತಿದ್ದ.

"ಹೋಗ್ಬನ್ನಿ, ಕೇಳಿದ್ರೆ ನಿಮ್ಮ ಗಂಟೇನು ಹೋಗುತ್ತೆ?" ಎಂದಳು ಹೆಂಡತಿ.

"ಅವ್ರು ಮತ್ತೆ ಮಲಗಿಬಿಟ್ರೆ?"

"ಎಬ್ಬಿಸಿ. ಮಗಳನ್ನ ದಿನಾ ಸ್ಕೂಲಿಗೆ ಎಬ್ಬಿಸಲ್ವೇ, ಹಾಗೆ."

"ಅವಳನ್ನ ಎಬ್ಬಿಸೋಳು ನೀನಲ್ವೇನೇ!"

ಕೊನೆಗೆ ಮನಸ್ಸು ಗಟ್ಟಿಮಾಡಿಕೊಂಡು ಹೋದ. ಸಾಹೇಬರು ಎರಡನೇ ಪ್ರಶ್ನೆಗೇ ತೂಕಡಿಸಿದರು. ಮೆತ್ತಗಣ್ಣ ಕಣ್ಣುಮುಚ್ಚಿ ಮೇಜು ಗುದ್ದಿದ. ಸಾಹೇಬರು ಕುರ್ಚಿಸಮೇತ ಉರುಳಿದರು. ಅದೇ ಗಳಿಗೆಗೆ ಮಾಲೀಕರು ಒಳಬಂದರು.

"ನೆಲದ ಮೇಲೆ ಏನ್ರೀ ಮಾಡ್ತಿದ್ದೀರಿ?"

"ಪೆನ್ನು ಹುಡುಕ್ತಿದ್ದೆ, ಸಾರ್," ಎಂದರು ಸಾಹೇಬರು.

ಮೆತ್ತಗಣ್ಣನಿಗೆ ಅಂದೇ ಕೆಲಸ ಸಿಕ್ಕಿತು. ಗೇಟಿನಲ್ಲಲ್ಲ, ಸಾಹೇಬರ ಕೋಣೆಯಲ್ಲಿ. ಮಾಲೀಕರ ಕಾರಿನ ಸದ್ದು ಕೇಳಿದೊಡನೆ ಮೇಜು ಗುದ್ದಬೇಕು, ಅಷ್ಟೇ. ಗೇಟಿಗೆ ಇನ್ನೂ ಆಳು ಹುಡುಕುತ್ತಿದ್ದಾರೆ.