ಕೊಂಡವಾಡದ ಎತ್ತೂ ಬೇಡುವ ಇಂಗ್ಲಿಷೂ

ಗೆಳೆಯರೇ, ಇಂದು ಹಾನಗಲ್ಲ ಕಚೇರಿಯಲ್ಲಿ ನಾನೊಂದು ಘೋರ ಅಪರಾಧ ಎಸಗಿದೆ. ಅರ್ಜಿಯಲ್ಲಿ ‘ಬೆಗ್’, ಅಂದರೆ ‘ಬೇಡು’, ಬರೆಯಲಿಲ್ಲ.

ತಿಳವಳ್ಳಿಯ ದೊಡ್ಡಪ್ಪನ ಎತ್ತು ಕೊಂಡವಾಡ, ಅಂದರೆ ಸರಕಾರ ಬಿಡಾಡಿ ದನ ಕೂಡಿಹಾಕುವ ದೊಡ್ಡಿ, ಸೇರಿತ್ತು. ಬಿಡಿಸಲು ನಾನೇ ಇಂಗ್ಲಿಷಿನಲ್ಲಿ ಅರ್ಜಿ ಬರೆದೆ. ಕಾರಕೂನ ಅದನ್ನು ಎಸೆದ. “ಬರೇ ‘ಐ ಸ್ಟೇಟ್’ ಅಂದ್ರ ಹೆಂಗ್ರಿ? ‘ಐ ಬೆಗ್ ಟು ಸ್ಟೇಟ್’ ಅಂತ ಬರೀರಿ. ಬೇಡದ ಅರ್ಜಿ ಸಾಹೇಬರ ಮುಂದ ಇಡಾಂಗಿಲ್ಲ.”

ನನಗೆ ಮೈಯೆಲ್ಲ ಉರಿಯಿತು. “ಆ ಕ್ರಿಯಾಪದ ಮೊದಲ ಭಿಕ್ಷುಕರದಾಗಿತ್ರಿ! ಆಮ್ಯಾಲ ಇಂಗ್ಲಿಷರ ದೊಡ್ಡ ಮಂದಿ ಅದನ್ನ ಬರೇ ಮರ್ಯಾದಿ ಮಾತು ಮಾಡ್ಕೊಂಡ್ರು. ನಮ್ಮ ಕೈಯಾಗ ಮಾತ್ರ ಮತ್ತ ಜೋಳಿಗಿ ಆಗೇತಿ. ನನ್ನ ಲೇಖಣಿಕಿ ಬೇಡಾಂಗಿಲ್ಲ!” ಎಂದು ಅರ್ಜಿ ಹರಿದೆ.

ದೊಡ್ಡಪ್ಪ ನನ್ನ ತೋಳು ಹಿಡಿದ. “ತಮ್ಮಾ, ಎತ್ತು ನಿನ್ನೆಯಿಂದ ಮೇವು ಕಂಡಿಲ್ಲೋ.”

ಸಂಜೆಗೆ ಎತ್ತು ಬಿಡುಗಡೆಯಾಯಿತು. ಹೊಸ ಅರ್ಜಿಯಲ್ಲಿ ಸಾಲಿಗೊಂದು ‘ಬೆಗ್’ ಇದೆ. ಅದನ್ನು ಬರೆಯಲು ಹಾಳೆಯನ್ನೂ ಆ ಕಾರಕೂನನಿಂದಲೇ ಬೇಡಿದೆ, ಕೈ ಮುಗಿದು, ಅಚ್ಚ ಕನ್ನಡದಲ್ಲಿ.