ಸಿಸ್ಟರ್ ಅವರ ದೇವರಿಗೆ ನಾನು ಕಾವಲು ನಿಂತದ್ದು

ಕಳೆದ ವಾರ ಕುಣಿಗಲ್‌ನಿಂದ ತುಮಕೂರಿಗೆ ಬರುವ ಬಸ್ಸಿನಲ್ಲಿ ಪಕ್ಕದ ಸೀಟಿನ ಹೆಂಗಸೊಬ್ಬರು ಬ್ಯಾಗಿನಿಂದ ಪುಟ್ಟ ಡಬ್ಬಿ ತೆಗೆದು ಹಣೆಗೆ ತಲೆನೋವಿನ ಮುಲಾಮು ಹಚ್ಚಿಕೊಂಡರು. ಕಿಟಕಿ ಮುಚ್ಚಿತ್ತು. ಘಾಟು ಮೂಗಿಗೆ ಬಡಿದದ್ದೇ ತಡ, ನನಗೆ ಜರ್ಮನಿಯ ತತ್ವಜ್ಞಾನಿಗಳು ನೆನಪಾದರು. ನಗಬೇಡಿ. ಮಲ್ಲಿಗೆಯ ವಾಸನೆಗೆ ಅಮ್ಮ ನೆನಪಾಗುವವರಿದ್ದಾರೆ, ಸೀಮೆಎಣ್ಣೆಯ ವಾಸನೆಗೆ ಬಾಲ್ಯ ನೆನಪಾಗುವವರಿದ್ದಾರೆ. ನನ್ನ ಪಾಲಿಗೆ ಬಂದದ್ದು ಇದು.

ಕಾರಣ ನಂಜುಂಡಯ್ಯ ಸರ್. ನಮಗೆ ತತ್ವಶಾಸ್ತ್ರ ಕಲಿಸಿದವರು. ಜರ್ಮನ್ನರ ಪಾಠವಿದ್ದ ದಿನ ಅವರು ಜೇಬಿನಿಂದ ಇಂಥದ್ದೇ ಡಬ್ಬಿ ತೆಗೆದು, ಹಣೆಯ ಮೇಲಿನ ವಿಭೂತಿಯ ಮೂರು ಗೆರೆ ಕೆಡದ ಹಾಗೆ ಎರಡೂ ಕಣತಲೆಗೆ ಸವರಿಕೊಂಡೇ ಬಾಯಿ ತೆರೆಯುತ್ತಿದ್ದರು. ಇಂಗ್ಲೆಂಡಿನವರಿಗೂ ಫ್ರಾನ್ಸಿನವರಿಗೂ ಮುಲಾಮು ಬೇಕಾಗುತ್ತಿರಲಿಲ್ಲ. ಅವರ ವಾಕ್ಯಗಳು ಚಿಕ್ಕವು ಎನ್ನುತ್ತಿದ್ದರು.

ನಾನು ತತ್ವಶಾಸ್ತ್ರಕ್ಕೆ ಬಿದ್ದದ್ದು ಜ್ಞಾನದಾಹದಿಂದಲ್ಲ. ತೊಂಬತ್ತರ ದಶಕದ ನಡುವಿನಲ್ಲಿ ಗುಬ್ಬಿಯಿಂದ ರೈಲಿನಲ್ಲಿ ತುಮಕೂರಿಗೆ ಬಂದು ಕಾಲೇಜಿನ ಕೌಂಟರಿನ ಮುಂದೆ ನಿಂತಾಗ ನನಗೆ ಬೇಕಿದ್ದದ್ದು ಮನಃಶಾಸ್ತ್ರ. ಸೀಟು ಮುಗಿದಿತ್ತು. ಗುಮಾಸ್ತರು, "ಇದೂ ತಲೆಗೆ ಸಂಬಂಧಪಟ್ಟಿದ್ದೇ ಕಣಮ್ಮ" ಎಂದು ಸಮಾಧಾನ ಹೇಳಿ ತತ್ವಶಾಸ್ತ್ರ ಎಂದು ಬರೆದರು. ನಮ್ಮಪ್ಪನಿಗೆ ಮಾತ್ರ ಹೆಮ್ಮೆಯೋ ಹೆಮ್ಮೆ. ಗುಬ್ಬಿಯ ತಮ್ಮ ಬಟ್ಟೆ ಅಂಗಡಿಯಲ್ಲಿ ಬ್ಲೌಸ್ ಪೀಸು ಅಳೆಯುತ್ತ, ಮಗಳು ಶಿವತತ್ವ ಓದುತ್ತಿದ್ದಾಳೆ ಎಂದು ಗಿರಾಕಿಗಳಿಗೆಲ್ಲ ಹೇಳಿಕೊಂಡರು. ನಾನು ತಿದ್ದಲು ಹೋಗಲಿಲ್ಲ. ಸತ್ಯವನ್ನು ಸ್ವಲ್ಪ ಮಡಿಚಿಡುವ ಅಭ್ಯಾಸ ನನಗೆ ಆಗಲೇ ಇತ್ತು ಅಂತ ಕಾಣುತ್ತದೆ.

ಮೂರನೆಯ ವರ್ಷಕ್ಕೆ ಬರುವಷ್ಟರಲ್ಲಿ ಕ್ಲಾಸಿನಲ್ಲಿ ಉಳಿದವರು ಇಬ್ಬರು, ನಾನು ಮತ್ತು ಸಿಸ್ಟರ್ ಫಿಲೋಮಿನಾ. ಸಿಸ್ಟರ್‌ಗೆ ಆಗ ಮೂವತ್ತೈದರ ಆಸುಪಾಸು. ಮಾರ್ಕೋನಹಳ್ಳಿ ಕಡೆಯ ರೈತರ ಮನೆಯವರು, ತಾತನ ಕಾಲದಿಂದ ಕ್ರೈಸ್ತರು. ಕುಣಿಗಲ್‌ನ ಕಾನ್ವೆಂಟಿನಲ್ಲಿದ್ದುಕೊಂಡು ದಿನಾ ಬಸ್ಸಿನಲ್ಲಿ ಬರುತ್ತಿದ್ದರು. ಅಲ್ಲಿನ ಮುಖ್ಯಸ್ಥೆ ಮದರ್ ಇವರಿಗೆ ಓದಲು ಕೊಟ್ಟಿದ್ದದ್ದು ಮೂರೇ ವರ್ಷ. ಫೇಲಾದರೆ ಇನ್ನೊಂದು ಸಲ ಕಟ್ಟುವ ಮಾತಿಲ್ಲ, ವಾಪಸ್ಸು ಕಾನ್ವೆಂಟಿನ ದವಾಖಾನೆಯ ಔಷಧಿ ಕಪಾಟಿನ ಮುಂದೆ. ಸನ್ಯಾಸಿನಿ ಎಂದರೆ ಮೆಲ್ಲಗೆ ಇಂಗ್ಲಿಷಿನಲ್ಲಿ ಮಾತಾಡುವವರು ಎಂದು ನಾನು ತಿಳಿದಿದ್ದೆ. ಮೊದಲ ದಿನವೇ ಅವರು ಬಸ್ ಸ್ಟ್ಯಾಂಡಿನಲ್ಲಿ ನಿಲ್ಲಿಸದೆ ಮುಂದೆ ಹೋಗಿ ನಿಲ್ಲಿಸಿದ ಡ್ರೈವರನ್ನು ಅಪ್ಪಟ ಕುಣಿಗಲ್ ಭಾಷೆಯಲ್ಲಿ ವಿಚಾರಿಸಿಕೊಂಡದ್ದನ್ನು ಕೇಳಿ ನನ್ನ ಕಲ್ಪನೆ ಅಲ್ಲೇ ಇಳಿದು ಹೋಯಿತು.

ಆ ವರ್ಷದ ಪಾಠ, ದೇವರ ಬಗ್ಗೆ, ಯೇಸುವಿನ ಬಗ್ಗೆ, ಚರ್ಚಿನ ಬಗ್ಗೆ ಯುರೋಪಿನವರು ಮುನ್ನೂರು ನಾನೂರು ವರ್ಷ ತಲೆ ಕೆಡಿಸಿಕೊಂಡ ಕಥೆ. ಮಹಡಿ ಮೆಟ್ಟಿಲ ಕೆಳಗಿನ ಕೋಣೆ. ಪಕ್ಕದಲ್ಲಿ ವಾಲಿಬಾಲು ಇಡುವ ಗೂಡು. ವಿಭೂತಿ ಹಚ್ಚಿದ ಮೇಷ್ಟ್ರು ಯೇಸುವಿನ ವಿಚಾರದ ಜಗಳವನ್ನು ಬಿಡಿಸಿ ಹೇಳುವುದು, ಶಿಲುಬೆ ತೊಟ್ಟ ಸಿಸ್ಟರ್ ಅಡ್ಡಪ್ರಶ್ನೆ ಕೇಳುವುದು, ಇಷ್ಟಲಿಂಗ ಕಟ್ಟಿಕೊಂಡ ನಾನು ಬರೆದುಕೊಳ್ಳುವುದು. ಹೀಗೆ ನಡೆಯುತ್ತಿತ್ತು ನಮ್ಮ ಸರ್ವಧರ್ಮ ಸಮ್ಮೇಳನ.

ಮೊದಮೊದಲು ಸುಖವಾಗಿತ್ತು. ಜಗತ್ತೊಂದು ಗಡಿಯಾರ, ಹಾಗಾದರೆ ಅದನ್ನು ಮಾಡಿದವನೊಬ್ಬ ಇರಲೇಬೇಕು ಎಂದವರು ಬಂದು ಹೋದರು. ದೇವರಿದ್ದಾನೆ ಎಂದು ಪಣ ಕಟ್ಟಿಬಿಡಿ, ಗೆದ್ದರೆ ಸ್ವರ್ಗ, ಸೋತರೆ ಹೋಗುವುದೇನಿಲ್ಲ ಎಂದ ಫ್ರಾನ್ಸಿನವರೊಬ್ಬರು ಬಂದರು. ಸಿಸ್ಟರ್ ಪೆನ್ನು ಕೆಳಗಿಟ್ಟರು.

"ಇದು ಕೋಳಿ ಪಂದ್ಯ ಕಟ್ದಂಗಾಯ್ತಲ್ಲ ಸಾರ್. ದೇವ್ರಿಗೆ ಅಷ್ಟೂ ಗೊತ್ತಾಗಾಕಿಲ್ವ?"

ಪವಾಡಗಳನ್ನು ನಂಬಬಾರದು, ಪ್ರಕೃತಿ ನಿಯಮ ತಪ್ಪಿತು ಎನ್ನುವುದಕ್ಕಿಂತ ಹೇಳಿದವನು ತಪ್ಪಾಗಿ ಹೇಳಿದ ಎನ್ನುವುದೇ ವಾಸಿ ಎಂದ ಸ್ಕಾಟ್‌ಲೆಂಡಿನವರ ಪಾಠಕ್ಕೆ ಸಿಸ್ಟರ್ ಸಿಟ್ಟಾಗುತ್ತಾರೆ ಎಂದುಕೊಂಡಿದ್ದೆ. ಅವರು ತಲೆಯಾಡಿಸಿದರು. ಮಕ್ಕಳಿಗೆ ತಾವು ಇಂಜೆಕ್ಷನ್ ಚುಚ್ಚಿ ಜ್ವರ ಇಳಿಸಿದರೆ ತಾಯಂದಿರು ಹೋಗಿ ಮಾತೆಯ ಗುಡಿಗೆ ಮೇಣದಬತ್ತಿ ಹಚ್ಚುತ್ತಾರೆ, ತಮ್ಮ ಹೆಸರು ಎಲ್ಲೂ ಬರುವುದಿಲ್ಲ ಎಂಬುದು ಅವರ ಹಳೆಯ ದೂರಾಗಿತ್ತು.

ಆಮೇಲೆ ಜರ್ಮನ್ನರು ಬಂದರು, ಮುಲಾಮು ಬಂತು. ಬುದ್ಧಿಯಿಂದ ದೇವರನ್ನು ಸಾಧಿಸಲೂ ಆಗದು, ಇಲ್ಲವೆನ್ನಲೂ ಆಗದು, ಆದರೆ ಒಳ್ಳೆಯವರಾಗಿ ಬಾಳಬೇಕಾದರೆ ಆತ ಬೇಕಾಗುತ್ತಾನೆ ಎಂಬಲ್ಲಿಗೆ ಹೇಗೋ ಬಂದೆವು. ಅಲ್ಲಿಗೆ ಪಾಠ ನಿಂತಿತು. ಮುಂದಿನ ಅಧ್ಯಾಯದಲ್ಲಿ ಕಾದಿದ್ದವರು ಬೇರೆ ಥರದವರು. ಮನುಷ್ಯ ತನ್ನ ಒಳ್ಳೆಯದನ್ನೆಲ್ಲ ಒಟ್ಟುಮಾಡಿ ಆಕಾಶಕ್ಕೆ ಎಸೆದು, ಅದಕ್ಕೆ ದೇವರೆಂದು ಹೆಸರಿಟ್ಟು, ತಾನೇ ಅದರ ಮುಂದೆ ಮಂಡಿಯೂರಿದ ಎಂದವರು. ಧರ್ಮವೆಂಬುದು ನೊಂದವರಿಗೆ ಕುಡಿಸುವ ಮಂಪರು ಎಂದವರು. ಇನ್ನು ದೇವರ ಕಾಲ ಮುಗಿಯಿತು ಎಂದವರು.

ಸರ್ ಈ ಅಧ್ಯಾಯದ ಹೊಸ್ತಿಲಲ್ಲೇ ನಿಂತುಬಿಟ್ಟರು. ಹಳೆಯದನ್ನೇ ರಿವಿಷನ್ ಮಾಡಿದರು. ಎರಡು ಸಲ ರಜ ಹಾಕಿದರು. ಒಮ್ಮೆಯಂತೂ ವಾಲಿಬಾಲ್ ಗೂಡಿನ ಸದ್ದು ಜಾಸ್ತಿ ಎಂದು ಕ್ಲಾಸು ಬಿಟ್ಟರು. ಆವತ್ತು ಅಲ್ಲಿ ಬೀಗ ಹಾಕಿತ್ತು. ಕಡೆಗೆ ಜನವರಿಯಲ್ಲಿ ನನ್ನನ್ನು ಒಬ್ಬಳನ್ನೇ ಕರೆದು, ಶನಿವಾರ ಸಿಸ್ಟರ್ ದವಾಖಾನೆ ಕೆಲಸಕ್ಕೆ ಕುಣಿಗಲ್‌ನಲ್ಲೇ ಉಳಿಯುತ್ತಾರಲ್ಲ, ಆವತ್ತು ನಿನಗೆ ನೋಟ್ಸ್ ಬರೆಸುತ್ತೇನೆ, ನೀನೇ ಅವರಿಗೆ ತಲುಪಿಸು ಎಂದರು. ಅವರ ಎದುರಿಗೆ ಆ ಮಾತೆಲ್ಲ ಹೇಗೆ ಹೇಳಲಿ, ನೊಂದುಕೊಂಡು ಬಿಟ್ಟು ಹೋದರೆ ಕ್ಲಾಸೇ ಮುಚ್ಚಿ ಹೋಗುತ್ತದೆ ಎಂಬುದು ಅವರು ಕೊಟ್ಟ ಕಾರಣ.

ಶನಿವಾರ ಬರೆದುಕೊಂಡೆ. ಈಗ ನನ್ನ ಪರಾಕ್ರಮ ಕೇಳಿ. ಗುಬ್ಬಿಗೆ ಹೋಗುವ ರೈಲಿನಲ್ಲಿ ಕೂತು ನೋಟ್ಸ್ ಓದಿಕೊಂಡಾಗ ಪಕ್ಕದವರಿಗೆ ಕಾಣದ ಹಾಗೆ ಅಂಗೈ ಅಡ್ಡ ಹಿಡಿದೆ. ಇದನ್ನು ಆ ತಾಯಿಯ ಕೈಗೆ ಹೇಗೆ ಕೊಡುವುದು? ಮನೆಗೆ ಹೋಗಿ ಹೊಸ ಹಾಳೆಯಲ್ಲಿ ದುಂಡಗೆ ಬರೆಯಲು ಕೂತೆ. 'ದೇವರು ಮನುಷ್ಯನ ಸೃಷ್ಟಿ' ಎಂಬುದು 'ದೇವರಿಗೂ ಮನುಷ್ಯನಿಗೂ ನಿಕಟ ಸಂಬಂಧವಿದೆ' ಎಂದಾಯಿತು. ಧರ್ಮದ ಮಂಪರು 'ಧರ್ಮದಿಂದ ನೊಂದವರಿಗೆ ನೆಮ್ಮದಿ' ಎಂದಾಯಿತು. ದೇವರ ಕಾಲ ಮುಗಿಯಿತು ಎಂದವರಂತೂ ನನ್ನ ಹಾಳೆಯಲ್ಲಿ, ಇತ್ತೀಚೆಗೆ ಜನರಲ್ಲಿ ಭಕ್ತಿ ಕಡಿಮೆಯಾಗಿದೆಯಲ್ಲ ಎಂದು ಕೊರಗುವ ಹಿರಿಯರಾದರು. ಯುರೋಪಿನ ಘಟಾನುಘಟಿ ನಾಸ್ತಿಕರನ್ನೆಲ್ಲ ಒಂದೇ ಭಾನುವಾರದಲ್ಲಿ ಭಕ್ತರನ್ನಾಗಿ ಮಾಡಿದೆ. ಸಿಸ್ಟರ್ ಓದಿ, ಎಷ್ಟು ಒಳ್ಳೇ ಜನ ಎಂದರು.

ಫೆಬ್ರವರಿಯಲ್ಲಿ ಕಾಲೇಜಿನ ಪ್ರಿಪರೇಟರಿ ಪರೀಕ್ಷೆ ನಡೆಯಿತು, ಮುಕ್ಕಾಲು ಪಾಲು ಪ್ರಶ್ನೆ ಆ ಅಧ್ಯಾಯದ್ದೇ. ನೂರಕ್ಕೆ ಸಿಸ್ಟರ್‌ಗೆ ಬಂದದ್ದು ಇಪ್ಪತ್ತೆರಡು.

ಸರ್ ಉತ್ತರಪತ್ರಿಕೆ ಹಿಡಿದುಕೊಂಡು ಬಂದರು. ಇಡೀ ವರ್ಷ ಅಷ್ಟು ಚುರುಕಾಗಿದ್ದವರು ಹೀಗೇಕೆ ಬರೆದಿರಿ, ಈ ಮಹಾಶಯರು ಚರ್ಚಿಗೆ ತಪ್ಪದೆ ಹೋಗುತ್ತಿದ್ದರು ಎಂದು ನಿಮಗೆ ಹೇಳಿದವರಾರು ಎಂದು ಕೇಳಿದರು. ಸಿಸ್ಟರ್ ನನ್ನ ದುಂಡಕ್ಷರದ ಹಾಳೆಗಳನ್ನು ತೆಗೆದು ಮೇಜಿನ ಮೇಲಿಟ್ಟರು. ಸರ್ ಓದಿದರು. ಓದುತ್ತ ಓದುತ್ತ ಅವರ ಮೀಸೆ ಅಲುಗಿತು. ನಗುತ್ತಿದ್ದಾರೋ ಸಿಟ್ಟೋ ತಿಳಿಯದೆ ನಾನು ಅಳಲು ಶುರುಮಾಡಿದೆ. ಅಳುತ್ತಲೇ ಎಲ್ಲ ಒಪ್ಪಿಕೊಂಡೆ, ಶನಿವಾರದ ಪಾಠದ ಗುಟ್ಟನ್ನೂ ಸೇರಿಸಿ.

ಸಿಸ್ಟರ್ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ನಮ್ಮಿಬ್ಬರನ್ನೂ ಒಮ್ಮೆ ನೋಡಿದರು.

"ನನ್ ದೇವ್ರನ್ನ ಕಾಯಾಕೆ ನಿಮ್ನ ಯಾರು ಇಟ್ಟವ್ರೆ ಸಾರ್? ಅದೂ ಈ ಮಗೀನ ಜೊತೆಗಿಕ್ಕೊಂಡು."

ಆಮೇಲೆ ಅವರು ಹೇಳಿದ್ದು ನನಗೆ ಇವತ್ತಿಗೂ ಹಾಗೇ ಇದೆ. ಮೂರು ವರ್ಷದ ಹಿಂದೆ ದವಾಖಾನೆಗೆ ವಾಂತಿಭೇದಿಯಾದ ಒಂದು ಮಗುವನ್ನು ತಂದಿದ್ದರಂತೆ. ದೊಡ್ಡಾಸ್ಪತ್ರೆಗೆ ಕೊಂಡೊಯ್ಯುವ ಜೀಪು ಬರುವುದರೊಳಗೆ ಅದು ಇವರ ತೊಡೆಯ ಮೇಲೇ ಹೋಯಿತಂತೆ. ಆಮೇಲೆ ನಲವತ್ತು ದಿನ ಪ್ರಾರ್ಥನೆಗೆ ಕೂತರೂ ಬಾಯಿಂದ ಮಾತು ಹೊರಡಲಿಲ್ಲವಂತೆ.

"ದೇವ್ರು ಇಲ್ಲ ಅಂತ ಅನ್ಸಾಕೆ ಜರ್ಮನಿಗೆ ಯಾಕ್ ಹೋಗ್ಬೇಕು ಸಾರ್. ನಂಗೆ ಕುಣಿಗಲ್‌ನಾಗೇ ಅನ್ಸಿತ್ತು. ಅವರೇನಂದ್ರು ಅಂತ ತಿಳ್ಕೊಳಾನ ಅಂತ್ಲೇ ನಾನು ಈ ಕ್ಲಾಸಿಗೆ ಬಂದಿದ್ದು. ನೀವು ಅದ್ನೇ ಮುಚ್ಚಿಟ್ರಿ."

ಸರ್ ಡಸ್ಟರಿನ ಮೇಲಿನ ಸೀಮೆಸುಣ್ಣದ ಪುಡಿ ಕೊಡವಿದರು. ಆಮೇಲೆ ಮೆಲ್ಲಗೆ, "ನಿಮಗೋಸ್ಕರ ಅಲ್ಲ ಸಿಸ್ಟರ್, ನನಗೋಸ್ಕರ" ಎಂದರು. ಹೆಂಡತಿ ತೀರಿಕೊಂಡ ಮೇಲೆ ತಮಗೆ ಯಾವ ದೇವರಲ್ಲೂ ನಂಬಿಕೆ ಉಳಿದಿಲ್ಲ, ವಿಭೂತಿಯನ್ನು ದಿನಾ ಬೆಳಿಗ್ಗೆ ಹಚ್ಚಿ ಕಳಿಸುವುದು ಎಂಬತ್ತು ವರ್ಷದ ತಾಯಿ, ಆಕೆಯ ಕೈ ತಡೆಯಲು ತಮ್ಮಿಂದಾಗದು ಎಂದರು. ಆ ಅಧ್ಯಾಯವನ್ನು ಗಟ್ಟಿಯಾಗಿ ಪಾಠ ಮಾಡಿದರೆ ಅದು ಪಾಠವಲ್ಲ, ತಮ್ಮದೇ ಮಾತು ಎಂದು ಎದುರಿಗಿರುವವರಿಗೆ ತಿಳಿದುಬಿಡುತ್ತದೆ ಎಂಬುದು ಅವರ ಅಂಜಿಕೆ. ನನ್ನ ಅಳು ಅಷ್ಟೊತ್ತಿಗೆ ಮರೆತೇ ಹೋಗಿತ್ತು.

"ತಿಳೀತಲ್ಲ, ಈಗ ಸುರು ಮಾಡಿ ಸಾರ್" ಎಂದರು ಸಿಸ್ಟರ್.

ಆವತ್ತು ಮಧ್ಯಾಹ್ನ ನಡೆದಂಥ ಪಾಠವನ್ನು ನಾನು ಮತ್ತೆ ಕೇಳಿಲ್ಲ. ಸರ್ ಮುಲಾಮು ಹಚ್ಚಲಿಲ್ಲ, ಕೂರಲೂ ಇಲ್ಲ. ಒಬ್ಬೊಬ್ಬ ನಾಸ್ತಿಕನನ್ನೂ ಒಳಗಿನಿಂದ ಎಳೆದು ತಂದು ಎದುರಿಗೆ ನಿಲ್ಲಿಸಿದರು. ಸಿಸ್ಟರ್ ಒಬ್ಬೊಬ್ಬನನ್ನೂ ತಡೆದು ವಿಚಾರಿಸಿದರು. ನಂಬಿಕೆಗೆ ಪುರಾವೆಯ ಮೆಟ್ಟಿಲಿಲ್ಲ, ಅದು ಕತ್ತಲಲ್ಲಿ ಎಗರುವುದು ಎಂದ ಡೆನ್ಮಾರ್ಕಿನವರು ಬಂದಾಗ ಮಾತ್ರ ಏನೂ ಕೇಳದೆ ಅಡಿಗೆರೆ ಎಳೆದುಕೊಂಡರು. ಮನುಷ್ಯನೇ ದೇವರನ್ನು ಮಾಡಿಕೊಂಡ ಎಂಬಲ್ಲಿ ಹೇಳಿದರು:

"ನಾನೇ ಮಾಡ್ಕೊಂಡಿದ್ರೆ ಇಂಥಾ ಕಷ್ಟದ ದೇವ್ರನ್ನ ಯಾಕ್ ಮಾಡ್ಕೊತಿದ್ದೆ ಸಾರ್? ಕೇಳಿದ್ದಕ್ಕೆ ಉತ್ರ ಕೊಡೋನ್ನ ಮಾಡ್ಕೊತಿದ್ದೆ."

ಸರ್ ತಮ್ಮ ಪುಸ್ತಕದ ಅಂಚಿನಲ್ಲಿ ಆ ಮಾತನ್ನು ಬರೆದುಕೊಂಡರು. ಮೇಷ್ಟ್ರೊಬ್ಬರು ವಿದ್ಯಾರ್ಥಿಯ ಮಾತು ಬರೆದುಕೊಂಡದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಸಿಸ್ಟರ್ ಪಾಸಾದರು, ನನಗಿಂತ ಹದಿನಾಲ್ಕು ಅಂಕ ಜಾಸ್ತಿ. ಎರಡು ಸಾವಿರದ ಒಂದೋ ಎರಡೋ ಇಸವಿಯಲ್ಲಿ ಸರ್ ರಿಟೈರಾದ ಮೇಲೆ ಪ್ರತಿ ಗುರುವಾರ ಕುಣಿಗಲ್‌ಗೆ ಹೋಗಿ ಕಾನ್ವೆಂಟಿನ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದರು. ಪಾಠ ಮುಗಿದ ಮೇಲೆ ಅವರಿಬ್ಬರೂ ಬೇವಿನ ಮರದ ಕಟ್ಟೆಯ ಮೇಲೆ ಕೂತು ದೇವರ ವಿಚಾರಕ್ಕೆ ಕಿತ್ತಾಡುತ್ತಿದ್ದರೆಂದು ಕೇಳಿದ್ದೇನೆ. ಇಬ್ಬರೂ ಸೋತಂತಿಲ್ಲ. ತಾಯಿ ಹೋದ ಮೇಲೆ ಸರ್ ವಿಭೂತಿ ಬಿಡಲಿಲ್ಲ, ತಾವೇ ಹಚ್ಚಿಕೊಳ್ಳುತ್ತಿದ್ದರಂತೆ. ಯಾಕೆಂದು ಸಿಸ್ಟರ್ ಕೇಳಿದ್ದಕ್ಕೆ, ಅಮ್ಮನ ಕೈ ನೆನಪು ಎಂದರಂತೆ.

ಆವತ್ತು ಬಸ್ಸು ಹೆಬ್ಬೂರು ದಾಟುವವರೆಗೂ ಇದನ್ನೆಲ್ಲ ನೆನೆದು ಒಬ್ಬಳೇ ನಗುತ್ತಿದ್ದೆ. ಆಮೇಲೆ ನಗು ನಿಂತಿತು. ಏಕೆಂದರೆ ಹಿಂದಿನ ಭಾನುವಾರವೇ, ಪಿಯುಸಿ ಓದುವ ನನ್ನ ಮಗಳು, ಅಮ್ಮಾ ನನಗೆ ಇದರಲ್ಲೆಲ್ಲ ನಂಬಿಕೆ ಇಲ್ಲ, ಮಠಕ್ಕೆ ಲಿಂಗದೀಕ್ಷೆಗೆ ಬರೋದಿಲ್ಲ ಎಂದಿದ್ದಳು. ಮೂರು ಹೊತ್ತೂ ಲಿಂಗಪೂಜೆ ಮಾಡುವ ನಮ್ಮತ್ತೆಗೆ ಇದು ಗೊತ್ತಾದರೆ ಏನು ಗತಿ ಎಂದು, ದೀಕ್ಷೆಯ ದಿನ ಅವಳಿಗೆ ಪರೀಕ್ಷೆಯಿದೆ ಎಂದು ನಾನೇ ಹೇಳಿಬಿಟ್ಟಿದ್ದೆ. ಎಂಥ ಪರೀಕ್ಷೆಯೂ ಇರಲಿಲ್ಲ.

ಉಪ್ಪಾರಹಳ್ಳಿಯ ಮನೆ ತಲುಪಿ ಚಪ್ಪಲಿ ಬಿಡುತ್ತಲೇ ಮಗಳನ್ನು ಕರೆದು, ಹೋಗಿ ಅಜ್ಜಿಗೆ ಇದ್ದದ್ದು ಇದ್ದ ಹಾಗೆ ನೀನೇ ಹೇಳು ಎಂದೆ. ಅತ್ತೆ ನಡುಮನೆಯಲ್ಲಿ ಕಾಲು ಚಾಚಿ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ಮಗಳು ಹೋಗಿ ನಿಂತಳು. ನಾನು ಅಡುಗೆಮನೆಯ ಬಾಗಿಲ ಹಿಂದೆ ನಿಂತೆ. ಅವಳು ಒಂದೂ ಮಾತು ಬಿಡದೆ ಎಲ್ಲ ಹೇಳಿದಳು, ನನ್ನ ಸುಳ್ಳನ್ನೂ ಸೇರಿಸಿ. ಆಮೇಲೆ ಕಾಯಿ ಸುಲಿಯುವ ಸದ್ದು ನಿಂತಿತು. ಅದಲ್ಲ ಅತ್ತೆ, ಅವಳು ಹೇಳಿದ್ದು ಬೇರೆ ಎಂದು ತಿದ್ದಲು ನಾನು ಒಂದು ಹೆಜ್ಜೆ ಮುಂದಿಟ್ಟೂ ಆಗಿತ್ತು.

"ಅಂಗೋ. ಕೂತ್ಕೋ ಇಲ್ಲಿ" ಎಂದರು ಅತ್ತೆ. "ಯಾಕೆ ಅಂತ ಮೊದ್ಲಿಂದ ಹೇಳು."

ನಾನು ಹಿಂದಕ್ಕೆ ಬಂದು, ಅವರ ಮಾತು ನನಗೆ ಕೇಳಿಸದ ಹಾಗೆ ನಲ್ಲಿಯನ್ನು ಪೂರ್ತಿ ತಿರುಗಿಸಿ ಪಾತ್ರೆ ತೊಳೆಯತೊಡಗಿದೆ.